ಕೊಂಬಿನ ಮುಂದೆ ಕರೂಸೊ

(ಸೂಳಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)

ಮೈಕು ಬರುವ ಮುಂಚೆ ಬಯಲುನಾಟಕದ ಪಾತ್ರಧಾರಿಯನ್ನು ಊರಿನವರು ಅಳೆಯುತ್ತಿದ್ದದ್ದು ಒಂದೇ ಪ್ರಶ್ನೆಯಿಂದ: ಇವನ ಪದ ಕೊನೆಯ ಸಾಲಿಗೆ ಮುಟ್ಟುತ್ತದೆಯೇ? ಹೊಸೂರು, ಸೂಳಗಿರಿ, ಕೃಷ್ಣಗಿರಿಯ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಮಹಾಭಾರತದ ಕತೆಯನ್ನು ರಾತ್ರಿಯಿಡೀ ಹಾಡಿ ಆಡುವ ವಾಡಿಕೆ ಇಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಭಾಷೆ ಯಾವುದೇ ಇರಲಿ, ಅರ್ಜುನನ ವೇಷದವನ ಕಂಠ ಹಾರ್ಮೋನಿಯಂ, ಮದ್ದಳೆಗಳ ಸದ್ದನ್ನು ಸೀಳಿಕೊಂಡು ಹೋಗಿ, ಕತ್ತಲಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಗೂ ಕೇಳಬೇಕು. ಕೇಳದಿದ್ದರೆ ಅಜ್ಜಿ ನಿದ್ದೆ ಹೋಗುತ್ತಾಳೆ, ಪಾತ್ರಧಾರಿಗೆ ಮರುವರ್ಷ ವೀಳ್ಯ ಬರುವುದಿಲ್ಲ.

ಇಂದಿನ ಉಪನ್ಯಾಸದ ವಸ್ತು ಇಟಲಿಯ ಅಂಥ ಒಬ್ಬ ರಂಗಗಾಯಕ, ಎನ್ರಿಕೊ ಕರೂಸೊ. ಸೂಳಗಿರಿಗೂ ಅವನಿಗೂ ಏನು ನಂಟು ಎಂದು ಸಭೆಯಲ್ಲಿ ಯಾರಿಗಾದರೂ ಅನ್ನಿಸಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಮೈಸೂರಿನ ದಾರಿ ಹಿಡಿದು, ಸ್ವಲ್ಪ ತಡವಾಗಿ ಬರುತ್ತದೆ.

1873ರಲ್ಲಿ ಮೂರು ಕಡೆ ಮೂರು ಮಕ್ಕಳು ಹುಟ್ಟಿದರು. ಜನವರಿ 1ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಫ್ರೆಡ್ ಗೈಸ್‌ಬರ್ಗ್. ಫೆಬ್ರುವರಿ 25ರಂದು ನೇಪಲ್ಸಿನಲ್ಲಿ ಕರೂಸೊ. ಜೂನ್ 26ರಂದು ನಮ್ಮ ಆಜಂಗಢದಲ್ಲಿ, ಆರ್ಮೇನಿಯನ್ ಮೂಲದ ತಂದೆಗೆ, ಏಂಜೆಲಿನಾ ಯೋವಾರ್ಡ್ ಎಂಬ ಹೆಣ್ಣುಮಗು. ಮೊದಲನೆಯವನು ಧ್ವನಿ ಹಿಡಿಯುವ ಯಂತ್ರವನ್ನು ಊರೂರಿಗೆ ಹೊತ್ತು ತಿರುಗಿದ. ಉಳಿದ ಇಬ್ಬರು ಒಂದೇ ವರ್ಷದಲ್ಲಿ, ಏಳು ತಿಂಗಳ ಅಂತರದಲ್ಲಿ, ಆ ಯಂತ್ರದ ಕೊಂಬಿನ ಮುಂದೆ ನಿಂತು ಹಾಡಿದರು.

ಒಪೆರಾ ಎಂದರೆ ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲೇ ನಡೆಯುವ ನಾಟಕ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಂಥ ಗೀತನಾಟಕವನ್ನು ಕಂಡವರಿಗೆ ಕಲ್ಪನೆ ಸುಲಭ. ನಾಯಕನ ಪಾತ್ರಕ್ಕೆ ಅಲ್ಲಿ ಸಾಮಾನ್ಯವಾಗಿ ಗಂಡು ಕಂಠಗಳಲ್ಲಿ ಎತ್ತರದ್ದನ್ನು ಆರಿಸುತ್ತಾರೆ. ಅದಕ್ಕೆ ಟೆನರ್ ಎಂದು ಹೆಸರು. ಟೆನರ್ ಕಂಠಕ್ಕೆ ಪರೀಕ್ಷೆ ಎಂದು ಎಣಿಸುವ ಒಂದು ಮೇಲಿನ ಸ್ವರವಿದೆ. ಪಾಶ್ಚಾತ್ಯರು ಅದನ್ನು ಮೇಲಿನ ‘ಸಿ’ ಎನ್ನುತ್ತಾರೆ. ನಮ್ಮ ಲೆಕ್ಕಕ್ಕೆ ತಂದರೆ ಹೀಗೆ: ಐದು ಕಟ್ಟೆ ಶ್ರುತಿಯಲ್ಲಿ, ಎಂದರೆ ಹಾರ್ಮೋನಿಯಂನ ಬಿಳಿ ಐದರಲ್ಲಿ ಹಾಡುವ ಗಂಡಸು ತಾರಸ್ಥಾಯಿಯ ಮಧ್ಯಮ ಹಿಡಿದರೆ ಅದೇ ಆ ‘ಸಿ’. ಸೆಂಗೋಟ್ಟೈಯ ಎಸ್.ಜಿ. ಕಿಟ್ಟಪ್ಪನವರ ಹೆಸರು ಈ ಸಭೆಯ ಹಿರಿಯರಿಗೆ ಹೊಸದಲ್ಲ. 1906ರಲ್ಲಿ ಹುಟ್ಟಿ 1933ರಲ್ಲೇ ತೀರಿಹೋದ ಆ ರಂಗಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿದವರಿಗೆ, ಗಂಡು ಕಂಠ ಅಷ್ಟು ಎತ್ತರದಲ್ಲಿ ಸಲೀಸಾಗಿ ಓಡಾಡುವುದು ಹೇಗಿರುತ್ತದೆ ಎಂದು ಗೊತ್ತು. ಕನ್ನಡ ರಂಗಭೂಮಿಯಲ್ಲಿ ಎ.ವಿ. ವರದಾಚಾರ್ಯರ ಗಾಯನ ಮನೆಮಾತಾಗಿದ್ದದ್ದೂ ಮೈಕಿಲ್ಲದ ಕಾಲದಲ್ಲೇ. ಕರೂಸೊ ಹಾಡುತ್ತಿದ್ದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಆಸನಗಳಿದ್ದವು, ಎದುರಿಗೆ ದೊಡ್ಡ ವಾದ್ಯವೃಂದವಿತ್ತು. ಅಲ್ಲೂ ಮೈಕಿರಲಿಲ್ಲ.

ಇಂಥ ಕಂಠ ಕರೂಸೊಗೆ ಹುಟ್ಟಿನಿಂದ ಬಂದದ್ದೆಂದು ಬಹಳ ಜನ ನಂಬಿದ್ದಾರೆ. ಅವನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ತಂದೆ ಕಾರ್ಖಾನೆಯ ಕೆಲಸಗಾರ. ಹುಡುಗನನ್ನು ಹನ್ನೊಂದನೆಯ ವಯಸ್ಸಿನಲ್ಲೇ ಕಾರಂಜಿ ತಯಾರಿಸುವ ಒಬ್ಬ ಯಂತ್ರಕರ್ಮಿಯ ಹತ್ತಿರ ಕೆಲಸಕ್ಕೆ ಹಾಕಿದರು. ಹಾಡು ಇದ್ದದ್ದು ಚರ್ಚಿನ ಮೇಳದಲ್ಲಿ, ಆಮೇಲೆ ಬೀದಿಯಲ್ಲಿ, ಹೋಟೆಲುಗಳಲ್ಲಿ. 1888ರಲ್ಲಿ ತಾಯಿ ಹೋದರು. ಗುಲ್ಯೆಲ್ಮೊ ವೆರ್ಜೀನೆ ಎಂಬ ಗುರುವಿನ ಹತ್ತಿರ ಪಾಠಕ್ಕೆ ಸೇರಿದಾಗ ಆ ಕಂಠ ಎಷ್ಟು ತೆಳ್ಳಗಿತ್ತೆಂದರೆ, ಕಿಟಕಿಯ ಸಂದಿಯಲ್ಲಿ ಬೀಸುವ ಗಾಳಿಗೆ ಅದನ್ನು ಹೋಲಿಸಿ ಹಂಗಿಸುತ್ತಿದ್ದರು. ಮೇಲಿನ ಸ್ವರಗಳಲ್ಲಿ ಒಡೆದುಹೋಗುತ್ತಿತ್ತು. ಗುರು ಒಂದು ಕರಾರು ಬರೆಸಿಕೊಂಡಿದ್ದ: ‘ನಿಜವಾಗಿ ಹಾಡಿದ’ ಐದು ವರ್ಷದ ಸಂಪಾದನೆಯಲ್ಲಿ ನಾಲ್ಕಾಣೆ ಭಾಗ ಗುರುವಿಗೆ. ಮಾತು ಸರಳ ಕಾಣುತ್ತದೆ. ಆದರೆ ಹಾಡಿದ ದಿನಗಳನ್ನು ಮಾತ್ರ ಒಂದೊಂದಾಗಿ ಕೂಡಿಸಿ ಐದು ವರ್ಷ ತುಂಬಿಸಬೇಕೆಂದರೆ ಶಿಷ್ಯನ ಆಯುಸ್ಸೇ ಸಾಲದು. ಕೊನೆಗೆ ವಿಷಯ ನ್ಯಾಯಾಲಯಕ್ಕೆ ಹೋಗಿ, ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಗುರುದಕ್ಷಿಣೆಯ ಕತೆಗಳನ್ನು ಬಲ್ಲ ನಮಗೆ ಈ ಪ್ರಸಂಗ ಅಷ್ಟೇನೂ ಪರಕೀಯವಲ್ಲ.

ಸೈನ್ಯದ ಕಡ್ಡಾಯ ಸೇವೆಗೆ ಹೋದವನನ್ನು ನಲವತ್ತೈದು ದಿನಕ್ಕೆ ಬಿಟ್ಟು ಕಳಿಸಿದರು. ಇವನ ಹಾಡು ಕೇಳಿದ ಮೇಜರ್ ಒಬ್ಬನ ಕೃಪೆಯಿಂದ ತಮ್ಮ ಅವನ ಬದಲಿಗೆ ಸೇವೆಗೆ ಹೋದ. 1895ರ ಮಾರ್ಚ್ 15ರಂದು ನೇಪಲ್ಸಿನ ತೆಯಾತ್ರೊ ನುವೊವೊದಲ್ಲಿ ಮೊದಲ ಪಾತ್ರ. ಆ ನಾಟಕ ಇವತ್ತು ಯಾರಿಗೂ ನೆನಪಿಲ್ಲ. ಒಡೆಯುತ್ತಿದ್ದ ಮೇಲಿನ ಸ್ವರಗಳನ್ನು ಕೂಡಿಸಿಕೊಟ್ಟವನು ವಿಂಚೆಂಜೊ ಲೊಂಬಾರ್ದಿ ಎಂಬ ವಾದ್ಯವೃಂದದ ನಿರ್ದೇಶಕ. 1898ರ ನವೆಂಬರ್ 17ರಂದು ಮಿಲಾನಿನಲ್ಲಿ ಜೊರ್ದಾನೊನ ಒಪೆರಾ ‘ಫೆದೋರಾ’ ಮೊದಲ ಪ್ರದರ್ಶನ ಕಂಡಾಗ ಕರೂಸೊನ ಹೆಸರು ಇಟಲಿಯಾಚೆಗೂ ಹೋಯಿತು. 1900ರ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾ ರಂಗವೇರಿದ, ನಿರ್ದೇಶಕ ತೊಸ್ಕಾನಿನಿ.

ಮರುವರ್ಷ ಹುಟ್ಟೂರು ನೇಪಲ್ಸಿನ ಸಾನ್ ಕಾರ್ಲೊದಲ್ಲಿ ಡೊನಿಜೆಟ್ಟಿಯ ‘ಎಲಿಸಿರ್ ದಾಮೋರೆ’ ಹಾಡಿದಾಗ ಊರಿನ ರಸಿಕರು ತಣ್ಣಗೆ ಕೂತರು. ಆ ನೋವನ್ನು ಅವನು ಮರೆಯಲೇ ಇಲ್ಲ. ಆಮೇಲೆ ಇಪ್ಪತ್ತು ವರ್ಷ ಬದುಕಿದ, ನೇಪಲ್ಸಿನ ರಂಗದ ಮೇಲೆ ಮತ್ತೆ ಹಾಡಲಿಲ್ಲ.

ಇನ್ನು 1902. ಮಾರ್ಚ್ 11ರಂದು ಲಾ ಸ್ಕಾಲಾದಲ್ಲಿ ಫ್ರಾಂಕೆತ್ತಿಯ ‘ಜೆರ್ಮಾನಿಯಾ’ದ ಮೊದಲ ಪ್ರದರ್ಶನ, ನಾಯಕ ಕರೂಸೊ. ಆ ದಿನಗಳಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಂಠಗಳನ್ನು ಹುಡುಕಿಕೊಂಡು ಮಿಲಾನಿಗೆ ಬಂದಿದ್ದ. ಹತ್ತು ಹಾಡಿಗೆ ನೂರು ಪೌಂಡ್, ಒಂದೇ ಮಧ್ಯಾಹ್ನದಲ್ಲಿ ಮುಗಿಯಬೇಕು ಎಂದು ಕರೂಸೊ ಕಡೆಯ ಕರಾರು. ಲಂಡನ್ನಿನಿಂದ ತಂತಿ ಬಂತು, ಹಣ ವಿಪರೀತವಾಯಿತು, ಮುದ್ರಿಸಕೂಡದು ಎಂದು. ತಾನು ಆ ತಂತಿಯನ್ನು ಲೆಕ್ಕಿಸದೆ ಮುಂದುವರಿದೆ ಎಂದು ಗೈಸ್‌ಬರ್ಗ್ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ. ಈ ತಂತಿಯ ಕತೆಗೆ ಆಮೇಲಿನ ಸಂಶೋಧಕರು ಪೂರ್ತಿ ತಲೆದೂಗಿಲ್ಲ. ನೂರು ಪೌಂಡ್ ಮತ್ತು ಹತ್ತು ಹಾಡು ಮಾತ್ರ ನಿಜ.

ಏಪ್ರಿಲ್ 11. ಮಿಲಾನಿನ ಗ್ರ್ಯಾಂಡ್ ಹೋಟೆಲ್. ಹದಿನೈದು ತಿಂಗಳ ಹಿಂದೆ ಒಪೆರಾ ರಚನೆಕಾರ ವೆರ್ದಿ ಕಣ್ಣುಮುಚ್ಚಿದ್ದು ಅದೇ ಹೋಟೆಲಿನಲ್ಲಿ. ಕೋಣೆಯೊಂದರಲ್ಲಿ ಪರದೆ ಇಳಿಬಿಟ್ಟು ಅದರಿಂದ ಒಂದು ತಗಡಿನ ಕೊಂಬನ್ನು ಹೊರಕ್ಕೆ ಚಾಚಿದ್ದರು. ಪಿಯಾನೊದ ನಾದ ಕೊಂಬಿನ ಬಾಯಿಗೆ ನೇರ ಸೇರಲೆಂದು ಅದನ್ನು ಸಾಮಾನಿನ ಪೆಟ್ಟಿಗೆಗಳ ಮೇಲೆ ಎತ್ತಿಟ್ಟಿದ್ದರು. ನುಡಿಸಿದವನು ಸಾಲ್ವತೋರೆ ಕೊತ್ತೋನೆ. ವಿದ್ಯುತ್ತಿನ ಸೋಂಕೇ ಇಲ್ಲದ ಕೆಲಸ ಅದು. ಹಾಡಿದ ದನಿ ಕೊಂಬಿನೊಳಗೆ ನುಗ್ಗಿ ತುದಿಯ ತೆಳುವಾದ ಬಿಲ್ಲೆಯನ್ನು ನಡುಗಿಸುತ್ತದೆ, ಬಿಲ್ಲೆಗೆ ಕಟ್ಟಿದ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ತಪ್ಪಿದರೆ ತಿದ್ದುವಂತಿಲ್ಲ, ಹೊಸ ಮೇಣ ಇಟ್ಟು ಮೊದಲಿಂದ ಹಾಡಬೇಕು. ಮಂದ್ರದಲ್ಲಿ ಕೊಂಬಿನ ಹತ್ತಿರಕ್ಕೆ ಬರಬೇಕು, ತಾರಕ್ಕೆ ಏರುವಾಗ ಹಿಂದೆ ಸರಿಯಬೇಕು; ಇಲ್ಲವಾದರೆ ಮುಳ್ಳು ಗೆರೆ ದಾಟಿ ಎಗರುತ್ತದೆ.

‘ಜೆರ್ಮಾನಿಯಾ’, ‘ರಿಗೊಲೆತ್ತೊ’, ‘ಐದಾ’, ‘ತೊಸ್ಕಾ’, ‘ಎಲಿಸಿರ್ ದಾಮೋರೆ’ ಮೊದಲಾದ ಒಪೆರಾಗಳಿಂದ ಹತ್ತು ಹಾಡು ಮುಗಿಸಿ ಕರೂಸೊ ಊಟಕ್ಕೆ ಎದ್ದುಹೋದ.

ಯಂತ್ರ ಆಗ ಹಿಡಿಯಬಲ್ಲದ್ದು ಬಹಳ ಕಡಿಮೆ. ಸುಮಾರು 200ರಿಂದ 2,500 ಹರ್ಟ್ಸ್ ನಡುವಿನ ಕಂಪನವಷ್ಟೇ ಮೇಣದ ಮೇಲೆ ಬೀಳುತ್ತಿತ್ತು. ಪಿಟೀಲಿನ ಮೊನಚು ಕಳೆದುಹೋಗುತ್ತಿತ್ತು, ತಂಬೂರಿಯಂಥ ವಾದ್ಯ ಇದ್ದೂ ಇಲ್ಲದಂತೆ. ಸೊಪ್ರಾನೊ ಹೆಂಗಸರ ಎತ್ತರದ ಧ್ವನಿ ಕಿರುಚಿದಂತೆ ಕೇಳುತ್ತಿತ್ತು. ತುಂಬುದನಿಯ ಟೆನರ್ ಮಾತ್ರ ಆ ಇಕ್ಕಟ್ಟಿನಲ್ಲಿ ಬಹುಮಟ್ಟಿಗೆ ಪೂರ್ತಿಯಾಗಿ ಹಿಡಿಸುತ್ತಿತ್ತು. ಅಲ್ಲಿಯವರೆಗೆ ದೊಡ್ಡ ಗಾಯಕರು ಆ ಕೊಂಬನ್ನು ಜಾತ್ರೆಯ ಆಟಿಕೆ ಎಂದು ದೂರ ಇಟ್ಟಿದ್ದರು. ಕರೂಸೊನ ಹತ್ತು ತಟ್ಟೆ ಬಂದ ಮೇಲೆ ಅವರೂ ಒಬ್ಬೊಬ್ಬರಾಗಿ ಬಂದು ಕೊಂಬಿನ ಮುಂದೆ ನಿಂತರು.

ತಟ್ಟೆಯ ಮೈಯ ವಿಷಯ ಒಂದು ಮಾತು. ಹಾಡನ್ನು ಅಚ್ಚುಹಾಕುತ್ತಿದ್ದದ್ದು ಅರಗಿನ ಮಿಶ್ರಣದಲ್ಲಿ. ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದ, ಛೋಟಾ ನಾಗಪುರ, ಬಂಗಾಳದ ಕಡೆಯ ಕಾಡುಗಳಿಂದ. ಮುತ್ತುಗ, ಬೋರೆ ಮರಗಳ ರೆಂಬೆಗೆ ಅಂಟಿದ ಹುಳುವಿನ ಅಂಟನ್ನು ಆದಿವಾಸಿ ಹೆಣ್ಣುಮಕ್ಕಳು ಕೆರೆದು ತೆಗೆದು ಸಂತೆಗೆ ತರುತ್ತಿದ್ದರು. ಅದು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್, ಅಮೆರಿಕದ ಕ್ಯಾಮ್ಡೆನ್ ಸೇರಿ ಕರೂಸೊನ ಹಾಡಾಗಿ ಹೊರಬೀಳುತ್ತಿತ್ತು. ಅವನ ಚರಿತ್ರೆಕಾರರು ಈ ಹೆಣ್ಣುಮಕ್ಕಳನ್ನು ಅಷ್ಟಾಗಿ ನೆನೆಯುವುದಿಲ್ಲ, ಇಲ್ಲಾದರೂ ನೆನೆಯಬೇಕು.

1903ರ ನವೆಂಬರ್ 23ರಂದು ‘ರಿಗೊಲೆತ್ತೊ’ ಹಾಡಿ ಮೆಟ್ರೊಪಾಲಿಟನ್ ರಂಗವನ್ನು ಏರಿದ ಕರೂಸೊ ಕೊನೆಯವರೆಗೆ ಅದನ್ನು ಬಿಡಲಿಲ್ಲ. 1904ರ ಫೆಬ್ರುವರಿ 1ರಂದು ಕಾರ್ನೆಗಿ ಹಾಲಿನ ಒಂದು ಕೋಣೆಯಲ್ಲಿ ತಟ್ಟೆ ಮುದ್ರಿಸುವ ವಿಕ್ಟರ್ ಕಂಪನಿಗೆ ಹಾಡಿದ. ಮುಂದಿನ ಹದಿನಾರು ವರ್ಷ ಅವನ ಕಂಠ ಬಹುಮಟ್ಟಿಗೆ ವಿಕ್ಟರ್ ಕಂಪನಿಯ ಕೆಂಪು ಚೀಟಿಯ ತಟ್ಟೆಗಳಲ್ಲಿ ಬಂತು. ಸುಮಾರು 250 ಮುದ್ರಿಕೆಗಳು ಉಳಿದಿವೆ. ಆ ತಟ್ಟೆಗಳು ಅಗ್ಗದವಲ್ಲ. 1908ರಲ್ಲಿ ಡೊನಿಜೆಟ್ಟಿಯ ‘ಲೂಚಿಯಾ’ದ ಷಡ್ಗಾಯನವನ್ನು ಆರು ಮಂದಿ ದೊಡ್ಡ ಗಾಯಕರನ್ನು ಒಂದೇ ಕೊಂಬಿನ ಮುಂದೆ ನಿಲ್ಲಿಸಿ ಮುದ್ರಿಸಿದಾಗ, ಒಂದೇ ಮಗ್ಗುಲಿನ ಆ ತಟ್ಟೆಯ ಬೆಲೆ 7 ಡಾಲರ್.

ಅವನ ಇಷ್ಟು ಮುದ್ರಿಕೆಗಳಲ್ಲಿ ಒಂದನ್ನೇ ಕೇಳಲು ಬಿಡುವಿದ್ದರೆ ಲಿಯೋನ್‌ಕವಾಲೊನ ‘ಪಾಲ್ಯಾಚ್ಚಿ’ಯ ‘ವೆಸ್ತಿ ಲಾ ಜೂಬ್ಬಾ’ ಕೇಳಬೇಕು. ನಾಟಕ ಕಂಪನಿ ಕಂಡ ಊರಿನವರಿಗೆ ಅದರ ಸಂದರ್ಭ ವಿವರಿಸಬೇಕಾಗಿಯೇ ಇಲ್ಲ. ಊರೂರು ತಿರುಗುವ ಬಡ ತಂಡದ ಒಡೆಯ ಕಾನ್ಯೊ, ಹಾಸ್ಯಗಾರನ ವೇಷದವನು. ಹೆಂಡತಿ ಮತ್ತೊಬ್ಬನನ್ನು ಮೆಚ್ಚಿದ್ದಾಳೆಂದು ಈಗತಾನೆ ತಿಳಿದಿದೆ. ಹೊರಗೆ ಜನ ಸೇರಿದ್ದಾರೆ, ಟಿಕೆಟು ಕೊಂಡಿದ್ದಾರೆ. ಬಣ್ಣ ಹಚ್ಚಿಕೊಂಡು ನಗಿಸಲೇಬೇಕು. ಈ ಹಾಡನ್ನು ಕರೂಸೊ ಮೂರು ಸಲ ಮುದ್ರಿಸಿದ: 1902ರ ನವೆಂಬರಿನಲ್ಲಿ ಮತ್ತು 1904ರಲ್ಲಿ ಪಿಯಾನೊ ಜೊತೆ, 1907ರಲ್ಲಿ ವಾದ್ಯವೃಂದದ ಜೊತೆ. ಮೊದಲನೆಯದರಲ್ಲಿ ಕಂಠ ಸುಂದರ, ದುಃಖ ಇನ್ನೂ ಕಲಿತ ದುಃಖ. ಮೂರನೆಯದರಲ್ಲಿ ನಗುವೇ ಅಳುವಾಗಿ ಉಸಿರು ಕಟ್ಟುವ ಜಾಗ ಬಂದಾಗ, ಇಟಾಲಿಯನ್ ಒಂದಕ್ಷರ ಬಾರದವನಿಗೂ ಎದೆ ಬಿಗಿಯುತ್ತದೆ. ಲಕ್ಷಗಟ್ಟಲೆ ಮಾರಿಹೋದ ಹಾಡು ಇದು. ಹತ್ತು ಲಕ್ಷ ಮುಟ್ಟಿದ ಮೊದಲ ಮುದ್ರಿಕೆ ಎಂಬ ಮಾತು ಇದಕ್ಕೆ ಅಂಟಿಕೊಂಡೇ ಬಂದಿದೆ.

ಕಂಠ ವರ್ಷವರ್ಷಕ್ಕೆ ಬದಲಾದದ್ದನ್ನು ತಟ್ಟೆಗಳು ಮುಚ್ಚಿಡುವುದಿಲ್ಲ. ‘ಎಲಿಸಿರ್ ದಾಮೋರೆ’ಯ ‘ಊನಾ ಫುರ್ತಿವಾ ಲಾಗ್ರಿಮಾ’ವನ್ನು 1902ರ, 1904ರ, 1911ರ ಮುದ್ರಿಕೆಗಳಲ್ಲಿ ಸಾಲಾಗಿ ಕೇಳಿದರೆ ಹಗುರವಾದ, ಹೂವಿನಂಥ ದನಿ ಮೆಲ್ಲಗೆ ದಟ್ಟವಾಗುವುದು ಕಾಣುತ್ತದೆ. 1909ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ದನಿಗೆ ಮತ್ತಷ್ಟು ಕಪ್ಪು ಬಣ್ಣ ಬಂತು. 1914ರಲ್ಲಿ ಟೆನರಿಗಿಂತ ಕೆಳಗಿನ ಬ್ಯಾರಿಟೋನ್ ಕಂಠದ ಗಾಯಕ ತಿತ್ತಾ ರುಫ್ಫೊ ಜೊತೆ ‘ಒತೆಲ್ಲೊ’ದ ಜೋಡಿಹಾಡು ಹಾಡುವಾಗ ಇಬ್ಬರಲ್ಲಿ ಯಾರ ಕಂಠ ಭಾರ ಎಂದು ತಡೆದು ಕೇಳಬೇಕಾಗುತ್ತದೆ. ವಿಮರ್ಶಕರಲ್ಲಿ ಹಲವರು ಈ ಕೊನೆಯ ಭಾರವನ್ನೇ ಮೆಚ್ಚುತ್ತಾರೆ. ಈ ಉಪನ್ಯಾಸಕರ ಒಲವು 1904ರಿಂದ 1910ರ ನಡುವಿನ ಕರೂಸೊ ಕಡೆಗೆ, ಏಕೆಂದರೆ ಶಕ್ತಿ ಮತ್ತು ಸಲೀಸು ಎರಡೂ ಒಂದೇ ಉಸಿರಿನಲ್ಲಿ ಇದ್ದದ್ದು ಆಗ.

ಫಿಲಡೆಲ್ಫಿಯಾದ ಒಂದು ರಾತ್ರಿಯ ಸಂಗತಿಯನ್ನು ಹೇಳದೆ ಬಿಡಲಾಗದು. ‘ಲಾ ಬೊಹೆಮ್’ ನಡೆಯುತ್ತಿತ್ತು. ಜೊತೆಯ ಗಾಯಕ ಸೆಗುರೋಲಾಗೆ ಗಂಟಲು ಕಟ್ಟಿತು. ಅವನದು ಮಂದ್ರದ ಬಾಸ್ ಪಾತ್ರ. ಅವನ ಹಾಡು ಬಂದಾಗ ಕರೂಸೊ ಸಭೆಗೆ ಬೆನ್ನು ತಿರುಗಿಸಿ ಆ ಮಂದ್ರದ ಹಾಡನ್ನು ತಾನೇ ಹಾಡಿಬಿಟ್ಟ, ಸೆಗುರೋಲಾ ತುಟಿ ಆಡಿಸಿದ. ಬಯಲಾಟದಲ್ಲಿ ಜೊತೆಗಾರನ ಪದವನ್ನು ಎತ್ತಿಕೊಟ್ಟು ಆಟ ಉಳಿಸುವವರನ್ನು ನಾವೂ ಕಂಡಿದ್ದೇವೆ. ಮುಂದೆ 1916ರಲ್ಲಿ ಆ ಹಾಡನ್ನು ಮುದ್ರಿಸಿದ ಕರೂಸೊ, ಬಾಸ್ ಗಾಯಕರ ಅನ್ನಕ್ಕೆ ಕೈಹಾಕಬಾರದೆಂದು ಅದನ್ನು ಮಾರಾಟಕ್ಕೆ ಬಿಡಲಿಲ್ಲ. ಉಳಿದ ಕೆಲವೇ ಪ್ರತಿಗಳಿಂದ ನಾವು ಇಂದು ಅದನ್ನು ಕೇಳಬಹುದು.

1920ರ ಸೆಪ್ಟೆಂಬರ್ 16ರಂದು ಕ್ಯಾಮ್ಡೆನ್ನಿನಲ್ಲಿ ರೊಸ್ಸೀನಿಯ ಒಂದು ಪ್ರಾರ್ಥನಾಗೀತೆಯನ್ನು ಹಾಡಿ ಮುದ್ರಣ ಮುಗಿಸಿದ. ಡಿಸೆಂಬರ್ 11ರಂದು ಬ್ರೂಕ್ಲಿನ್ನಿನ ರಂಗದ ಮೇಲೆ ಬಾಯಿಂದ ರಕ್ತ ಬಂತು. ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಒಂದು ಅಂಕ ಮುಗಿಸಿದ. ಅದೇ ತಿಂಗಳ 24ರಂದು ಮೆಟ್ರೊಪಾಲಿಟನ್‌ನಲ್ಲಿ ‘ಲಾ ಜೂಯಿವ್’ ಹಾಡಿದ್ದೇ ಕೊನೆ. 1921ರ ಆಗಸ್ಟ್ 2ರಂದು, ತಾನು ಮತ್ತೆ ಹಾಡದೆ ಬಿಟ್ಟ ಅದೇ ನೇಪಲ್ಸಿನಲ್ಲಿ, ನಲವತ್ತೆಂಟನೆಯ ವಯಸ್ಸಿಗೆ ತೀರಿಕೊಂಡ. ವಿದ್ಯುತ್ ಮೈಕಿನ ಮುದ್ರಣ ಬಂದದ್ದು 1925ರಲ್ಲಿ. ಮೈಕಿನ ಮುದ್ರಣಕ್ಕೆ ಅವನ ಕಂಠ ಒಂದು ಸಲವೂ ಸಿಗಲಿಲ್ಲ.

ಈಗ ನಮ್ಮ ಕಡೆಗೆ ಬರೋಣ.

ಮಿಲಾನಿನ ಕೆಲಸ ಮುಗಿಸಿದ ಗೈಸ್‌ಬರ್ಗ್ ಅದೇ ವರ್ಷ ಯಂತ್ರ ಹೊತ್ತು ಕಲ್ಕತ್ತೆಗೆ ಬಂದ. ಮತ್ತೆ ಹೋಟೆಲಿನ ಕೋಣೆ, ಮತ್ತೆ ಕೊಂಬು. 1902ರ ನವೆಂಬರ್ 11ರಂದು ಮೈತುಂಬ ಒಡವೆ ತೊಟ್ಟು, ಪಕ್ಕವಾದ್ಯದವರೊಡನೆ ಬಂದು ನಿಂತವರು ಗೌಹರ್ ಜಾನ್, ಎಂದರೆ ಆಜಂಗಢದ ಆ ಏಂಜೆಲಿನಾ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಬನಾರಸಿನಲ್ಲಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಒಂದು ಸರದಿಯ ಮುದ್ರಣಕ್ಕೆ ಆಕೆ ಕೇಳಿದ್ದು 3,000 ರೂಪಾಯಿ ಎಂಬುದು ಪ್ರಚಲಿತ ಮಾತು. ಒಂದು ಪೌಂಡಿಗೆ ಹದಿನೈದು ರೂಪಾಯಿ ಇದ್ದ ಕಾಲ. ಲೆಕ್ಕ ಹಾಕಿದರೆ ಇದು 200 ಪೌಂಡ್, ಲಂಡನ್ನಿನವರಿಗೆ ವಿಪರೀತ ಕಂಡಿತೆನ್ನುವ ಕರೂಸೊನ ಕೂಲಿಯ ಎರಡು ಪಟ್ಟು. ಕಾನ್ಯೊನ ಅಳುವನ್ನು ಕರೂಸೊ ಮಿಲಾನಿನಲ್ಲಿ ಮೊದಲ ಸಲ ಮೇಣಕ್ಕೆ ಹಾಡಿದ್ದೂ ಇದೇ ನವೆಂಬರಿನಲ್ಲಿ.

ಹಿಂದೂಸ್ತಾನಿ ಗಾಯನದ ಖಯಾಲನ್ನು ಗಂಟೆಗಟ್ಟಲೆ ಬೆಳೆಸುವ ವಿದ್ಯೆ ಮೂರೇ ನಿಮಿಷದಲ್ಲಿ ಮುಗಿಯಬೇಕಿತ್ತು. ಒಪೆರಾದ ಹಾಡು ಹೇಗೂ ಅಷ್ಟೇ ಉದ್ದ, ಕರೂಸೊಗೆ ಕತ್ತರಿಸುವ ಕಷ್ಟವಿರಲಿಲ್ಲ. ಗೌಹರ್ ಅವರ ಸಾಧನೆ ಈ ದೃಷ್ಟಿಯಿಂದ ಹೆಚ್ಚಿನದು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಆಲಾಪದ ಒಂದು ಎಳೆ, ಪಲ್ಲವಿ, ನಾಲ್ಕು ತಾನುಗಳನ್ನು ಮೂರು ನಿಮಿಷದ ಡಬ್ಬಿಗೆ ಕೂರಿಸುವ ವಿಧಾನವನ್ನು ಅವರು ಹೊಂದಿಸಿದರು, ನಂತರದ ಹಾಡುಗಾರರು ಅದನ್ನೇ ಹಿಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅಚ್ಚು ಹಾಕುವ ಹ್ಯಾನೋವರಿನವರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡು ಮುದ್ರಿಸಿದರು. ಸಂಖ್ಯೆಯಲ್ಲಿ ಕರೂಸೊಗಿಂತ ಬಹಳ ಮುಂದೆ.

ದಕ್ಷಿಣಕ್ಕೂ ಕೊಂಬು ಬಹಳ ಬೇಗ ಬಂತು. ಮೊದಲ ಕಾಲದ ದಕ್ಷಿಣದ ಮುದ್ರಿಕೆಗಳಲ್ಲಿ ಸೇಲಂ ಗೋದಾವರಿ ಎಂಬ ಗಾಯಕಿಯ ಹೆಸರು ಎದ್ದು ಕಾಣುತ್ತದೆ. 1965ರವರೆಗೆ ಹೊಸೂರು, ಕೃಷ್ಣಗಿರಿಗಳೆಲ್ಲ ಸೇಲಂ ಜಿಲ್ಲೆಯೇ ಎಂಬುದನ್ನು ಇಲ್ಲಿ ನೆನೆದರೆ, ಆಕೆಯ ಹೆಸರಿನ ಮೊದಲ ಪದದ ಮೇಲೆ ಈ ಊರಿಗೂ ಒಂದಿಷ್ಟು ಹಕ್ಕಿದೆ.

ಕೊನೆಯ ವರ್ಷಗಳಲ್ಲಿ ಗೌಹರ್ ವ್ಯಾಜ್ಯಗಳಿಂದ ಬರಿಗೈಯಾದರು. ಊರೂರು ಅಲೆದವರನ್ನು ಮೈಸೂರಿಗೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರ ಆಗಸ್ಟ್ 1ರಿಂದ ಆಸ್ಥಾನ ವಿದುಷಿ, ತಿಂಗಳಿಗೆ 500 ರೂಪಾಯಿ, ವಾಸಕ್ಕೆ ದಿಲ್‌ಖುಷ್ ಕಾಟೇಜ್ ಎಂಬ ಮನೆ. ಸಂಗೀತ ವಿದ್ವಾಂಸರಾದ ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪನವರು ಇದ್ದ ಮೈಸೂರು ಅದು. ಆದರೆ ಆಕೆಗೆ ಅಲ್ಲಿ ಸಿಕ್ಕಿದ್ದು ಒಂದೂವರೆ ವರ್ಷ ಮಾತ್ರ. 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಕರೂಸೊನ ಅಂತ್ಯಕ್ರಿಯೆಗೆ ನೇಪಲ್ಸಿನ ರಾಜಮರ್ಯಾದೆಯ ಚರ್ಚಿನ ಬಾಗಿಲು ತೆರೆದಿತ್ತು. ಅದೇ ಯಂತ್ರದ ಮುಂದೆ ಅದೇ ವರ್ಷ ಹಾಡಿದ ಗೌಹರ್ ಮೈಸೂರಿನಲ್ಲಿ ಸದ್ದಿಲ್ಲದೆ ಮಣ್ಣಾದರು. ಎಂಬತ್ತು ವರ್ಷದ ಮೇಲೆ, 2010ರಲ್ಲಿ, ಬೆಂಗಳೂರಿನ ವಿಕ್ರಮ್ ಸಂಪತ್ ಇಡೀ ಪುಸ್ತಕವನ್ನೇ ಬರೆದು ಆಕೆಯ ಬದುಕನ್ನು ಕೂಡಿಸಿಕೊಟ್ಟರು.

ಮೈಸೂರಿನ ನಂಟು ಅಲ್ಲಿಗೂ ಮುಗಿಯುವುದಿಲ್ಲ. ಗೈಸ್‌ಬರ್ಗ್ ನಿವೃತ್ತನಾದ ಮೇಲೆ ಅದೇ ಕಂಪನಿಯ ಮುದ್ರಣವನ್ನು ಹೊತ್ತವರಲ್ಲಿ ವಾಲ್ಟರ್ ಲೆಗ್ ಒಬ್ಬ. ಅವನು ಕಟ್ಟಿದ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣದ ಆಸರೆಯಾದವರು ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಮರೆತುಹೋಗಿದ್ದಾಗ ಅವನ ಕೃತಿಗಳನ್ನು ತಟ್ಟೆಗೆ ತರಿಸಿದವರು ಈ ಮಹಾರಾಜರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಗಾಯಕಿ ಫ್ಲಾಗ್‌ಸ್ಟಾಡ್ ಮೊದಲ ಬಾರಿ ಹಾಡಿದ್ದು ಮೈಸೂರಿನ ಹಣದ ಭರವಸೆಯ ಮೇಲೆ. ಮಹಾರಾಜರ ಸಂಗ್ರಹದಲ್ಲಿ ಸಾವಿರಾರು ತಟ್ಟೆಗಳಿದ್ದವು.

ಇಷ್ಟು ಹೇಳಿದ್ದು ಒಂದು ಬೇಡಿಕೆಗಾಗಿ. ಕರೂಸೊನ ತಟ್ಟೆಗಳನ್ನು ಅವನ ನಾಡಿನವರೂ ಅಮೆರಿಕದವರೂ ಬಿಸಾಡಲಿಲ್ಲ. 1970ರ ದಶಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಎಂಬ ವಿಜ್ಞಾನಿ ಗಣಕದ ಸಹಾಯದಿಂದ ಕೊಂಬಿನ ಕರ್ಕಶವನ್ನು ತೆಗೆದು ಆ ಕಂಠವನ್ನು ತೊಳೆದಿಟ್ಟ. ತೊಳೆಯಲು ತಟ್ಟೆ ಇತ್ತು, ಆದ್ದರಿಂದ ಸಾಧ್ಯವಾಯಿತು. ನಮ್ಮ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ, ಧೂಳು ಹಿಡಿದ ಟ್ರಂಕುಗಳಲ್ಲಿ, ಕೀ ಕೊಡುವ ಗ್ರಾಮಫೋನಿನ ಜೊತೆ ಕನ್ನಡ, ತೆಲುಗು, ತಮಿಳು ನಾಟಕದ ತಟ್ಟೆಗಳು ಇದ್ದಾವು. ಮನೆ ಕೆಡವುವಾಗ ಅವನ್ನು ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೇರ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಹಾಕಬೇಡಿ, ಅರಗು ಅದರಲ್ಲಿ ಕರಗಿ ಹಾಡೇ ಅಳಿಸಿಹೋಗುತ್ತದೆ. ಚೀಟಿಯ ಮೇಲಿನ ಹೆಸರನ್ನೂ, ಚೀಟಿಯ ಅಂಚಿನಲ್ಲಿ ಗೀರಿದ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿಂದ ಬೆಂಗಳೂರು ಒಂದೂವರೆ ಗಂಟೆಯ ದಾರಿ. ಹಳೆಯ ತಟ್ಟೆಗಳನ್ನು ಗಣಕಕ್ಕೆ ಏರಿಸಿ ಎಲ್ಲರೂ ಕೇಳುವಂತೆ ಮಾಡುವ ಕೆಲಸ ಅಲ್ಲಿ ನಡೆದಿದೆ. ಈ ವಾರ ಮನೆಗೆ ಹೋದವರು ಒಮ್ಮೆ ಅಟ್ಟ ಹತ್ತಿ ನೋಡಿ.